ಶಿಷ್ಯನ ಮನೆಯಲ್ಲಿ ನಾಲ್ಕು ದಿನ



ಅಕ್ಕಲಕೋಟೆಯ ಆಸುಪಾಸಿನ ನಮ್ಮ ಹಳ್ಳಿಗಳಲ್ಲಿ ಮನೆಗೊಬ್ಬರಾದರೂ ಮುಂಬಯಿಯಲ್ಲೋ ಪುಣೆಯಲ್ಲೋ ಇರುತ್ತಾರೆ. ಹಿಂದಿನ ಕಾಲಕ್ಕೆ ಬಟ್ಟೆಯ ಗಿರಣಿಗಳಿಗೆಂದು ಹೋದವರ ಮಕ್ಕಳು, ಮೊಮ್ಮಕ್ಕಳು ಈಗ ಅಲ್ಲಿ ಬೇರೆ ಬೇರೆ ಉದ್ಯೋಗಗಳಲ್ಲಿ ನೆಲೆಗೊಂಡಿದ್ದಾರೆ. ಆದ್ದರಿಂದ ನಮ್ಮ ಜನಕ್ಕೆ ಬೆಂಗಳೂರಿಗಿಂತ ಮುಂಬಯಿಯೇ ಹೆಚ್ಚು ಪರಿಚಿತ. ಹಾಗಿದ್ದರೂ ಮೂವತ್ತು ವರ್ಷ ಮಕ್ಕಳಿಗೆ ಭೂಗೋಲದ ಪಾಠದಲ್ಲಿ ಮುಂಬಯಿಯ ಬಂದರನ್ನು ನಕಾಶೆಯ ಮೇಲೆ ಕೋಲಿನಿಂದ ತೋರಿಸುತ್ತ ಬಂದ ನಾವು ಆ ನಗರವನ್ನು ಕಣ್ಣಾರೆ ಕಂಡಿದ್ದು ಒಂದೇ ಸಲ, ಅದೂ ಶಿಕ್ಷಕರ ಯಾವುದೋ ಸಭೆಗೆಂದು ಹೋಗಿ ಅದೇ ರಾತ್ರಿ ಹಿಂದಿರುಗಿದ ಸಂದರ್ಭದಲ್ಲಿ. ಕಳೆದ ದೀಪಾವಳಿಯ ರಜೆಯಲ್ಲಿ ಆ ಕೊರತೆ ನೀಗಿತು. ನೀಗಿದ ಬಗೆಯನ್ನು ಈ ತಿಂಗಳು ನಿಮ್ಮ ಮುಂದಿಡಬೇಕೆಂದಿದ್ದೇವೆ. ಇದರಲ್ಲಿ ಪ್ರೇಕ್ಷಣೀಯ ಸ್ಥಳಗಳ ವರ್ಣನೆಯೂ ಇದೆ, ನಮ್ಮದೊಂದು ತಪ್ಪೊಪ್ಪಿಗೆಯೂ ಇದೆ.

ನಮ್ಮನ್ನು ಕರೆದವನು ನಮ್ಮ ಹಳೆಯ ವಿದ್ಯಾರ್ಥಿ. ಇಪ್ಪತ್ತೆರಡು ವರ್ಷಗಳ ಹಿಂದೆ ನಮ್ಮ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವನು. ಮುಂದೆ ಹತ್ತನೆಯ ಪರೀಕ್ಷೆಯಲ್ಲಿ ನಪಾಸಾಗಿ, ಸೋದರಮಾವನ ಬೆನ್ನು ಹತ್ತಿ ಮುಂಬಯಿಗೆ ಹೋದ. ಹಗಲು ಹೊಟೇಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ ಆ ಪರೀಕ್ಷೆಯನ್ನು ದಾಟಿದ. ಈಗ ಪರೇಲ್ ಭಾಗದ ಒಂದು ಆಸ್ಪತ್ರೆಯಲ್ಲಿ ಸೇವಕನ ಹುದ್ದೆಯಲ್ಲಿದ್ದಾನೆ. ಊರ ಜಾತ್ರೆಗೆ ಬಂದಾಗಲೆಲ್ಲ ನಮ್ಮ ಮನೆಗೆ ಬಂದು ಕಾಲಿಗೆರಗಿ ಹೋಗುವ ಪದ್ಧತಿಯನ್ನು ಬಿಟ್ಟವನಲ್ಲ. "ಗುರುಗಳ, ಈ ಸಲ ನೀವು ಬರಬೇಕ್ರಿ. ಅವ್ವಾರನ್ನೂ ಕರಕೊಂಡು ಬರ್ರಿ. ಮನಿ ಸಣ್ಣದದ, ಆದ್ರ ನಿಮಗ ಜಾಗಾ ಸಾಲತದ" ಎಂದು ಫೋನಿನಲ್ಲಿ ಹಟ ಹಿಡಿದ. ನಮ್ಮ ಮನೆಯವರು ಎರಡು ದಿನ ಮೊದಲೇ ಜೋಳದ ಕಡಕ್ ರೊಟ್ಟಿ ಬಡಿದರು, ಶೇಂಗಾ ಚಟ್ನಿ ಕುಟ್ಟಿದರು. ಗುರುವಾರ ರಾತ್ರಿ ಸೊಲ್ಲಾಪುರದಲ್ಲಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿದೆವು.

ಶುಕ್ರವಾರ ಬೆಳಗಿನ ಜಾವ ದಾದರಿನಲ್ಲಿ ಇಳಿದಾಗ ಅವನು ನಿಲ್ದಾಣದಲ್ಲಿ ನಮಗಾಗಿ ಕಾದು ನಿಂತಿದ್ದ. ಸ್ವಚ್ಛವಾದ ಅಂಗಿ, ಕೈಯಲ್ಲಿ ಹಾಲಿನ ಚೀಲ. ಕಣ್ಣುಗಳು ಮಾತ್ರ ಕೆಂಪಾಗಿದ್ದವು. ನಮಗಾಗಿ ತುಂಬ ಬೇಗ ಎದ್ದಿರಬೇಕೆಂದು ಭಾವಿಸಿ ಸಂತೋಷಪಟ್ಟೆವು. ಮನೆ ಸೇರಿದ ಮೇಲೆ, ಆಗ ತಾನೇ ಎದ್ದು ಕಣ್ಣುಜ್ಜುತ್ತಿದ್ದ ಅವನ ಹತ್ತು ವರ್ಷದ ಮಗಳನ್ನು ಕೂರಿಸಿಕೊಂಡು, "ನೋಡು ಮಗಳೆ, ನಿಮ್ಮಪ್ಪ ಸೂರ್ಯ ಹುಟ್ಟುವ ಮೊದಲೇ ಎದ್ದು ಹಾಲು ತಂದಿದ್ದಾನೆ. ಬೇಗ ಏಳುವವರು ಜೀವನದಲ್ಲಿ ಮುಂದೆ ಬರುತ್ತಾರೆ" ಎಂದು ಸಣ್ಣದೊಂದು ಉಪನ್ಯಾಸವನ್ನೇ ಕೊಟ್ಟೆವು. ಹುಡುಗಿ ತಾಯಿಯ ಮುಖ ನೋಡಿತು. ತಾಯಿ ಚಹಾದ ಪಾತ್ರೆಯ ಕಡೆಗೆ ತಿರುಗಿದಳು. ಆ ನೋಟದ ಅರ್ಥ ನಮಗೆ ತಿಳಿದದ್ದು ಎರಡು ದಿನಗಳ ನಂತರ.

ಮುಂಬಯಿಯ ಚಾಳುಗಳ ವಿಷಯವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಪರೇಲ್, ಲಾಲಬಾಗ್, ವರಳಿ ಈ ಪ್ರದೇಶಕ್ಕೆ ಗಿರಣಗಾಂವ್, ಅಂದರೆ ಗಿರಣಿಗಳ ಊರು, ಎಂದೇ ಹೆಸರು. 1850ರ ದಶಕದಲ್ಲಿ ಮೊದಲ ಹತ್ತಿಯ ಗಿರಣಿ ಆರಂಭವಾದ ಮೇಲೆ ದುಡಿಯಲು ಬಂದ ಜನಕ್ಕೆ ತಲೆಯ ಮೇಲೊಂದು ಸೂರು ಬೇಕಾಯಿತು. ಹಾಗೆ ಹುಟ್ಟಿದವು ಈ ಚಾಳುಗಳು. ಉದ್ದನೆಯ ಪಡಸಾಲೆ, ಅದರುದ್ದಕ್ಕೂ ಒಂದೊಂದೇ ಕೋಣೆಯ ಮನೆಗಳು, ಕೊನೆಗೆ ಎಲ್ಲರಿಗೂ ಸೇರಿದ ಶೌಚಾಲಯ. 1920ರ ದಶಕದಲ್ಲಿ ಸರಕಾರವೇ ಕಟ್ಟಿಸಿದ ಬಿ.ಡಿ.ಡಿ. ಚಾಳುಗಳು ವರಳಿ, ನಾಯಗಾಂವ್ ಮೊದಲಾದ ನಾಲ್ಕು ಕಡೆ ಇವೆ. ಅವುಗಳ ಒಂದೊಂದು ಕೋಣೆಯ ವಿಸ್ತಾರ 160 ಚದರ ಅಡಿ. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೂಡಿದ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚುತ್ತ ಹೋದವು. ಆ ಜಾಗದಲ್ಲಿ ಈಗ ಗಾಜಿನ ಗೋಪುರಗಳು ಎದ್ದಿವೆ. ಚಾಳುಗಳೂ ಕರಗುತ್ತಿವೆ. 2025ರ ಆಗಸ್ಟಿನಲ್ಲಿ ವರಳಿಯ ಬಿ.ಡಿ.ಡಿ. ಚಾಳುಗಳ 556 ಕುಟುಂಬಗಳಿಗೆ 500 ಚದರ ಅಡಿಯ ಹೊಸ ಮನೆಗಳ ಕೀಲಿಕೈ ದೊರೆಯಿತು. ನಮ್ಮ ಶಿಷ್ಯನಿಗೆ ಇನ್ನೂ ಆ ಯೋಗ ಬಂದಿಲ್ಲ. ಅವನದು ಖಾಸಗಿ ಚಾಳಿನ ಮೂರನೆಯ ಅಂತಸ್ತಿನಲ್ಲಿ ಬಾಡಿಗೆಯ ಒಂದು ಕೋಣೆ. ಅದರಲ್ಲೇ ಅಡುಗೆ, ಅದರಲ್ಲೇ ದೇವರು, ಅದರಲ್ಲೇ ಮಗಳ ಓದು. ಮೂಲೆಯಲ್ಲಿ ಮೊಣಕಾಲೆತ್ತರದ ಕಟ್ಟೆ ಕಟ್ಟಿದ ಬಚ್ಚಲು.

ನಾವು ಮೊದಲ ದಿನ ಊರಿನ ರೂಢಿಯಂತೆ ಎರಡು ಬಕೀಟು ನೀರು ಸುರಿದುಕೊಂಡು ಸ್ನಾನ ಮಾಡಿದೆವು. ಸಂಜೆ ನಮ್ಮ ಮನೆಯವರು ಕಿವಿಯ ಬಳಿ, "ನಳ ಬರೋದು ಬೆಳಿಗ್ಗೆ ಎರಡೇ ತಾಸು. ಆ ಹುಡುಗಿ ಇವತ್ತು ಪಾತ್ರೆ ತೊಳೆಯಲು ಪಕ್ಕದ ಮನೆಯಿಂದ ನೀರು ಕಡ ತಂದಳು" ಎಂದರು. ಹೆಂಗಸರ ಕಣ್ಣು ಸೂಕ್ಷ್ಮ. ನಾವು ಇನ್ನೂ ಗಡಿಯಾರದ ಗೋಪುರದ ಗುಂಗಿನಲ್ಲಿದ್ದೆವು.

ಆ ಗೋಪುರವನ್ನೂ ಉಳಿದುದನ್ನೂ ಮೊದಲ ದಿನವೇ ನೋಡಿದ್ದೆವು. ಪರೇಲಿನಿಂದ ಲೋಕಲ್ ರೈಲಿನಲ್ಲಿ ಹೋಗಿ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ನಲ್ಲಿ ಇಳಿದೆವು. ಅಲ್ಲಿ ಇಳಿದವರೆಲ್ಲ ಓಡುತ್ತಾರೆ, ನಿಂತು ಮೇಲೆ ನೋಡುವವರು ನಮ್ಮಂಥ ಹಳ್ಳಿಯವರು ಮಾತ್ರ. ಎಫ್. ಡಬ್ಲ್ಯು. ಸ್ಟೀವನ್ಸ್ ಎಂಬ ವಾಸ್ತುಶಿಲ್ಪಿಯ ಯೋಜನೆಯಂತೆ 1878ರಲ್ಲಿ ಆರಂಭವಾಗಿ ಹತ್ತು ವರ್ಷ ನಡೆದ ಕೆಲಸವಿದು. ಮೊದಲು ವಿಕ್ಟೋರಿಯಾ ಟರ್ಮಿನಸ್ ಎಂದಿದ್ದ ಹೆಸರು 1996ರಲ್ಲಿ ಬದಲಾಯಿತು. 2004ರಲ್ಲಿ ಇದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕಲ್ಲಿನಲ್ಲಿ ಕೆತ್ತಿದ ನವಿಲು, ಮಂಗ, ಎಲೆ ಬಳ್ಳಿಗಳನ್ನು ನೋಡುತ್ತಿದ್ದರೆ ಇದು ರೈಲ್ವೆಯ ಕಟ್ಟಡವೋ ದೇವಾಲಯವೋ ಎಂಬ ಭ್ರಮೆಯಾಗುತ್ತದೆ. ಈ ಸ್ಥಳದ ಬಳಿಯ ಬೋರಿ ಬಂದರದಿಂದಲೇ 1853ರ ಏಪ್ರಿಲ್ 16ರಂದು ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು 34 ಕಿಲೋಮೀಟರ್ ದೂರದ ಠಾಣೆಗೆ ಹೊರಟದ್ದು. ಪಾಠದಲ್ಲಿ ಎಷ್ಟೋ ಸಲ ಹೇಳಿದ್ದ ಈ ಮಾತನ್ನು ಆ ನೆಲದ ಮೇಲೆ ನಿಂತು ನಮ್ಮ ಮನೆಯವರಿಗೆ ಹೇಳುವಾಗ ಒಂದು ಬಗೆಯ ಹೆಮ್ಮೆಯಾಯಿತು.

ಅಲ್ಲಿಂದ ವಿಶ್ವವಿದ್ಯಾಲಯದ ರಾಜಾಬಾಯಿ ಗಡಿಯಾರ ಗೋಪುರ. ಎತ್ತರ 280 ಅಡಿ, ಪೂರ್ಣಗೊಂಡದ್ದು 1878ರಲ್ಲಿ. ಹತ್ತಿಯ ವ್ಯಾಪಾರದಲ್ಲಿ ಹಣ ಗಳಿಸಿದ ಪ್ರೇಮಚಂದ ರಾಯಚಂದ ಎಂಬ ಶ್ರೀಮಂತರು ದ್ರವ್ಯ ಸಹಾಯ ಮಾಡಿ ತಮ್ಮ ತಾಯಿಯ ಹೆಸರಿಡಿಸಿದರು. ಸಮೀಪದಲ್ಲೇ ಇರುವ ವಸ್ತುಸಂಗ್ರಹಾಲಯ ಸಾರ್ವಜನಿಕರಿಗೆ ತೆರೆದದ್ದು 1922ರಲ್ಲಿ. ಈಗ ಅದಕ್ಕೂ ಛತ್ರಪತಿ ಶಿವಾಜಿ ಮಹಾರಾಜರ ಹೆಸರಿದೆ. ಒಳಗೆ ಶಿಲ್ಪಗಳ ಅಂಗಳದಲ್ಲಿ ನಡೆಯುತ್ತಿದ್ದಾಗ ನಮ್ಮ ಕಾಲು ತಾನಾಗಿ ನಿಂತಿತು. ಐಹೊಳೆಯ ಹುಚ್ಚಪ್ಪಯ್ಯನ ಗುಡಿಯ ಮಾಳಿಗೆಯಲ್ಲಿದ್ದ ಬ್ರಹ್ಮನ ಶಿಲ್ಪಫಲಕ ಅಲ್ಲಿದೆ. ಚಾಲುಕ್ಯರ ಕಾಲದ ಆ ಬ್ರಹ್ಮ ಮಲಪ್ರಭೆಯ ದಂಡೆಯನ್ನು ಬಿಟ್ಟು ಬಂದು ಇಲ್ಲಿ ಕುಳಿತಿದ್ದಾನೆ. ನಮ್ಮವರೊಬ್ಬರು ದೂರದೂರಿನಲ್ಲಿ ಅಕಸ್ಮಾತ್ತಾಗಿ ಸಿಕ್ಕಂತಾಯಿತು.

ಸಂಜೆ ಗೇಟ್‌ವೇ ಆಫ್ ಇಂಡಿಯಾ. 1911ರಲ್ಲಿ ಐದನೆಯ ಜಾರ್ಜ್ ದೊರೆ ಬಂದಿಳಿದ ನೆನಪಿಗೆಂದು ಯೋಜಿಸಿ 1924ರಲ್ಲಿ ಪೂರ್ಣಗೊಳಿಸಿದ ಮಹಾದ್ವಾರ. ವಸ್ತುಸಂಗ್ರಹಾಲಯವನ್ನು ಯೋಜಿಸಿದ ಜಾರ್ಜ್ ವಿಟೆಟ್ ಅವರೇ ಇದನ್ನೂ ಯೋಜಿಸಿದರು. ದೊರೆಯ ಸ್ವಾಗತಕ್ಕೆಂದು ಕಟ್ಟಿದ ಈ ಬಾಗಿಲಿನಿಂದಲೇ 1948ರ ಫೆಬ್ರುವರಿ 28ರಂದು ಬ್ರಿಟಿಷ್ ಸೇನೆಯ ಕೊನೆಯ ತುಕಡಿ ಹೊರಟುಹೋಯಿತು. ಇತಿಹಾಸದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉಪಕರಣ ಯಾವ ಶಾಲೆಯಲ್ಲಿದೆ?

ಹಿಂದಿರುಗುವಾಗ ಒಂದು ಫಜೀತಿಯಾಯಿತು. ನಮ್ಮ ಮನೆಯವರು ಶಿಷ್ಯನ ಹೆಂಡತಿ ಮಗಳೊಡನೆ ಹೆಂಗಸರ ಡಬ್ಬಿ ಹತ್ತಿದರು, ನಾವು ಶಿಷ್ಯನೊಡನೆ ಗಂಡಸರ ಡಬ್ಬಿ ಹೊಕ್ಕೆವು. ಪರೇಲ್ ಬಂದಾಗ ಬಾಗಿಲಿನವರೆಗೆ ಸರಿಯುವುದು ನಮ್ಮಿಂದಾಗಲಿಲ್ಲ. ಜನಸಾಗರ ನಮ್ಮನ್ನು ಎತ್ತಿ ದಾದರಿನಲ್ಲಿ ಇಳಿಸಿತು. ಹಿಂದಿನ ರೈಲು ಹಿಡಿದು ಬಂದಾಗ ನಮ್ಮ ಮನೆಯವರು ಪರೇಲಿನ ಬಾಕಿನ ಮೇಲೆ ಆರಾಮಾಗಿ ಕುಳಿತು, "ಹೆಡ್‌ಮಾಸ್ತರರು ಇವತ್ತು ಶಾಲೆಗೆ ತಡವಾಗಿ ಬಂದರು" ಎಂದರು. ಶಿಷ್ಯನೂ ನಕ್ಕ.

ರಾತ್ರಿ ಊಟವಾದ ಮೇಲೆ ಅವನು, "ಇಲ್ಲಿ ನಾಲ್ಕು ಮಂದಿಗೆ ಜಾಗಾ ಆಗತದ್ರಿ. ನಾ ಕೆಳಗ ಗೆಳೆಯನ ಖೋಲ್ಯಾಗ ಮಲಗತೀನಿ" ಎಂದು ಹೇಳಿ ಹೋದ. ನಾವೂ ಒಪ್ಪಿ ಕಾಲು ಚಾಚಿದೆವು.

ಎರಡನೆಯ ದಿನ ಶನಿವಾರ, ಘಾರಾಪುರಿ. ಅಂದರೆ ಎಲ್ಲರೂ ಎಲಿಫೆಂಟಾ ಎಂದು ಕರೆಯುವ ದ್ವೀಪ. ಗೇಟ್‌ವೇಯಿಂದ ದೋಣಿಯಲ್ಲಿ ಸುಮಾರು ಒಂದು ತಾಸಿನ ಹಾದಿ. ಸೋಮವಾರ ಗುಹೆಗಳಿಗೆ ರಜೆ, ಹೋಗುವವರು ನೆನಪಿಡಬೇಕು. ದಡದಿಂದ ಮೇಲೇರಲು ನೂರಕ್ಕೂ ಮಿಕ್ಕಿ ಮೆಟ್ಟಿಲುಗಳಿವೆ. ನಮ್ಮ ಮನೆಯವರ ಮೊಣಕಾಲು ಅಲ್ಲಿಯೇ ದೂರು ಹೇಳತೊಡಗಿತ್ತು. ಆದರೆ ಗುಹೆಯ ಕತ್ತಲೆಗೆ ಕಣ್ಣು ಹೊಂದಿಕೊಂಡು ಎದುರಿನ ಗೋಡೆಯಲ್ಲಿ ಸುಮಾರು 20 ಅಡಿ ಎತ್ತರದ ಆ ಮೂರು ಮುಖಗಳು ಮೂಡಿದಾಗ ನೋವೆಲ್ಲ ಮರೆಯಿತು. ನಡುವೆ ಧ್ಯಾನಸ್ಥ ಶಾಂತ ಮುಖ. ನೋಡುವವರ ಎಡಕ್ಕೆ ಹುಬ್ಬು ಗಂಟಿಕ್ಕಿದ ಅಘೋರ. ಬಲಕ್ಕೆ ಕಮಲ ಹಿಡಿದ, ಸ್ತ್ರೀಸಹಜ ಲಾವಣ್ಯದ ವಾಮದೇವ. ಜನ ತ್ರಿಮೂರ್ತಿ ಎನ್ನುತ್ತಾರೆ, ವಾಸ್ತವದಲ್ಲಿ ಇದು ಸದಾಶಿವ ಒಬ್ಬನದೇ ರೂಪ. ಎರಡೂ ಪಕ್ಕದಲ್ಲಿ ಅರ್ಧನಾರೀಶ್ವರ, ಗಂಗಾಧರ. ಆರನೆಯ ಶತಮಾನದ ಮಧ್ಯಭಾಗದ ಕೆಲಸವೆಂದು ವಿದ್ವಾಂಸರ ಮತ. 634ರ ಐಹೊಳೆಯ ಶಾಸನದಲ್ಲಿ ಇಮ್ಮಡಿ ಪುಲಕೇಶಿಯು ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ಪುರಿ ಎಂಬ ನಗರವನ್ನು ಹಡಗುಗಳಿಂದ ಮುತ್ತಿದನೆಂದು ಹೇಳಿದೆ. ಆ ಪುರಿ ಇದೇ ಎಂದು ಕೆಲವು ಪಂಡಿತರು ಹೇಳುತ್ತಾರೆ. ಹಾಗಾದರೆ ಬಾದಾಮಿಯ ದೊರೆಯ ನೌಕೆಗಳು ತೇಲಿದ ನೀರಿನ ಮೇಲೆಯೇ ನಾವು ತೇಲಿ ಬಂದಿದ್ದೆವು.

ಈ ವಿಷಯವನ್ನು ಶಿಷ್ಯನಿಗೂ ಹೇಳೋಣವೆಂದು ತಿರುಗಿದರೆ ಅವನಿಲ್ಲ. ಹೊರಗೆ ಬಂದು ನೋಡುತ್ತೇವೆ, ಮರದ ಬುಡದಲ್ಲಿ ಬೆನ್ನು ಆನಿಸಿ, ಬಾಯಿ ತೆರೆದು ಗಾಢ ನಿದ್ರೆಯಲ್ಲಿದ್ದಾನೆ. ಮಂಗವೊಂದು ಅವನ ಕೈಚೀಲದಿಂದ ನಮ್ಮ ರೊಟ್ಟಿಯ ಗಂಟನ್ನು ಎಳೆಯುತ್ತಿತ್ತು. ನಮಗೆ ಬೇಸರವಾಯಿತು. ಎಬ್ಬಿಸಿ, "ಏನು ತಮ್ಮಾ, ಜಗತ್ತೇ ನೋಡಬರುವ ಶಿವ ಒಳಗಿದ್ದಾನೆ, ನೀನು ಇಲ್ಲಿ ಮಲಗಿದ್ದೀಯಲ್ಲ? ಏಳನೆಯ ಇಯತ್ತೆಯ ರೂಢಿ ಇನ್ನೂ ಬಿಟ್ಟಿಲ್ಲವೇನು?" ಎಂದೆವು.

ಅವನು ದಡಬಡಿಸಿ ಎದ್ದು, ನಕ್ಕು, "ಹೌದ್ರಿ ಗುರುಗಳ, ಆ ರೂಢಿ ಇನ್ನೂ ಹೋಗಿಲ್ರಿ" ಎಂದ.

ಏಳನೆಯ ಇಯತ್ತೆಯ ಮಾತೇನೆಂದರೆ, ಆ ವರ್ಷ ಈ ಹುಡುಗ ತರಗತಿಯಲ್ಲಿ ಮೇಲಿಂದ ಮೇಲೆ ತೂಕಡಿಸುತ್ತಿದ್ದ. ಬೈದೆವು, ಬಾಕಿನ ಮೇಲೆ ನಿಲ್ಲಿಸಿದೆವು. ಒಂದು ದಿನ ಗಣಿತದ ಅವಧಿಯಲ್ಲಿ ಗೊರಕೆಯೇ ಕೇಳಿಸಿದಾಗ ಛಡಿಯಿಂದ ಹೊಡೆದೆವು. ಅವನ ತಂದೆ ಶಾಲೆಗೆ ಬಂದಾಗ, "ಈ ಹುಡುಗನ ತಲೆಗೆ ಓದು ಹತ್ತುವುದಿಲ್ಲ, ಎಲ್ಲಿಯಾದರೂ ಕೆಲಸಕ್ಕೆ ಹಚ್ಚಿರಿ" ಎಂದು ನುಡಿದೆವು. ಇದೆಲ್ಲ ನಮಗೆ ಹೆಚ್ಚುಕಡಿಮೆ ಮರೆತೇಹೋಗಿತ್ತು. ನೆನಪಿದ್ದದ್ದು ತಮಾಷೆಯಾಗಿ ಮಾತ್ರ.

ಅದೇ ರಾತ್ರಿ ಹನ್ನೊಂದರ ಸುಮಾರಿಗೆ ನಮ್ಮ ಮನೆಯವರ ಮೊಣಕಾಲು ಬಾತು, ನೋವು ತಡೆಯದಾಯಿತು. ಶಿಷ್ಯ ಆಸ್ಪತ್ರೆಯಲ್ಲಿರುವವನು, ಏನಾದರೂ ಉಪಾಯ ಗೊತ್ತಿರಬಹುದೆಂದು, "ತಂಗಿ, ಕೆಳಗಿನ ಖೋಲಿಯಿಂದ ಅವನನ್ನು ಕರೆ" ಎಂದೆವು. ಆಕೆ ಏಳಲಿಲ್ಲ. ಮತ್ತೊಮ್ಮೆ ಹೇಳಿದೆವು. ಸೆರಗಿನ ತುದಿ ಹಿಡಿದು ನಿಂತು, "ಅವರು ಕೆಳಗ ಇಲ್ರಿ ಗುರುಗಳ. ಡ್ಯೂಟಿಗೆ ಹೋಗ್ಯಾರ್ರಿ. ನಿಮಗ ಹೇಳಬ್ಯಾಡ ಅಂದಿದ್ರು" ಎಂದಳು.

ವಿಷಯ ಹೀಗಿತ್ತು. ಅವನಿಗೆ ಬರಬೇಕಾದ ರಜೆಗಳೆಲ್ಲ ತಂದೆಯ ಕಾಯಿಲೆಯಲ್ಲಿ ಖರ್ಚಾಗಿದ್ದವು. ಹಗಲಿನ ಪಾಳಿಯನ್ನು ಜೊತೆಗಾರನಿಗೆ ಕೊಟ್ಟು, ಅವನ ರಾತ್ರಿಯ ಪಾಳಿಯನ್ನು ತಾನು ಪಡೆದಿದ್ದ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ರೋಗಿಗಳ ಗಾಡಿ ತಳ್ಳುವುದು, ಅಲ್ಲಿಂದ ನೇರವಾಗಿ ಹಾಲಿನ ಚೀಲ ಹಿಡಿದು ಮನೆಗೆ, ಮನೆಯಿಂದ ನಮ್ಮೊಡನೆ ಊರು ಸುತ್ತಲು. ನಾವು ಬಂದಿಳಿದ ದಿನವೂ ಅವನು ನಿಲ್ದಾಣಕ್ಕೆ ಬಂದದ್ದು ಪಾಳಿ ಮುಗಿಸಿಯೇ. ಎರಡು ಹಗಲು ನಮಗೆ ಮುಂಬಯಿ ತೋರಿಸಿದವನು ಎರಡು ರಾತ್ರಿ ಮಲಗಿಯೇ ಇರಲಿಲ್ಲ. ಅವನ ಮಗಳಿಗೆ ನಾವು ಬೇಗ ಏಳುವ ಮಹತ್ವವನ್ನು ಬೋಧಿಸಿದ್ದೆವು!

ಮನೆಯವರ ಮೊಣಕಾಲಿಗೆ ಆ ತಾಯಿಯೇ ಬಿಸಿ ಉಪ್ಪಿನ ಶಾಖ ಕೊಟ್ಟಳು. ನೋವು ಕಡಿಮೆಯಾಗಿ ಅವರು ಮಲಗಿದರು. ನಮಗೆ ಮಾತ್ರ ನಿದ್ರೆ ಬರಲಿಲ್ಲ. ಪಡಸಾಲೆಗೆ ಬಂದು ನಿಂತೆವು. ಎದುರಿನ ಗೋಪುರಗಳಲ್ಲಿ ದೀಪಗಳು ಉರಿಯುತ್ತಿದ್ದವು. ಹಗಲಿನಲ್ಲಿ ನಾವು ನೋಡಿದ ನಗರ ಒಂದು, ಅದನ್ನು ರಾತ್ರಿ ಎಚ್ಚರವಾಗಿದ್ದು ನಡೆಸುವವರ ನಗರ ಇನ್ನೊಂದು. ಆ ಎರಡನೆಯದನ್ನು ಯಾವ ಪ್ರವಾಸಿಯೂ ಕೇಳಿ ನೋಡುವುದಿಲ್ಲ.

ಭಾನುವಾರ ಬೆಳಿಗ್ಗೆ ಆರೂವರೆಗೆ ಅವನು ಹಾಲಿನ ಚೀಲದೊಡನೆ ಬಂದ. ಹೆಂಡತಿಯ ಮುಖ ನೋಡಿದವನೇ ತಿಳಿದುಕೊಂಡ. ನಾವು ಗದರಿಸುವ ದನಿಯಲ್ಲಿ, "ಯಾಕೆ ಮುಚ್ಚಿಟ್ಟೆ ತಮ್ಮಾ?" ಎಂದೆವು.

"ಹೇಳಿದ್ರ ನೀವು ಬರ್ತಿದ್ದಿಲ್ರಿ" ಎಂದ.

ಸ್ವಲ್ಪ ಹೊತ್ತು ಸುಮ್ಮನಿದ್ದು, ಗಂಟಲಲ್ಲಿ ಸಿಕ್ಕಿಕೊಂಡಿದ್ದ ಇನ್ನೊಂದು ಪ್ರಶ್ನೆಯನ್ನೂ ಕೇಳಿದೆವು. "ಆಗ ಶಾಲೆಯಲ್ಲಿ ಮಲಗುತ್ತಿದ್ದೆಯಲ್ಲ, ಅದು ಯಾಕೆ?"

ಅವನು ಚಹಾದ ಬಟ್ಟಲನ್ನು ತಿರುಗಿಸುತ್ತ ಹೇಳಿದ: "ಆ ವರ್ಷ ಅಪ್ಪನ ಕಾಲು ಮುರಿದಿತ್ತು ಗುರುಗಳ. ಹೊಲಕ್ಕ ಕರೆಂಟ್ ರಾತ್ರಿ ಬರ್ತಿತ್ತು. ಪಂಪ ಚಾಲು ಮಾಡಿ ಬೆಳಗಾಗೂ ತನಕ ನಾನ ನೀರು ಹಾಯಸ್ತಿದ್ದೆ. ಮುಂಜಾನೆ ಸಾಲಿಗಿ ಬರ್ತಿದ್ದೆ."

"ಹೇಳಲಿಲ್ಲವಲ್ಲ?"

"ನೀವು ಕೇಳ್ಲಿಲ್ರಿ" ಎಂದ. ಆ ಮಾತಿನಲ್ಲಿ ದೂರು ಇರಲಿಲ್ಲ. ಇದ್ದುದನ್ನು ಇದ್ದಂತೆ ಹೇಳಿದ, ಅಷ್ಟೆ. ದೂರಿದ್ದರೆ ನಮಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ವಾಚಕರೆ, ನಾವು ಡಿ.ಎಡ್. ತರಬೇತಿ ಪಡೆದವರು. ಮಗುವಿನ ಗೃಹಪರಿಸರವು ಅದರ ಕಲಿಕೆಯ ಮೇಲೆ ಬೀರುವ ಪರಿಣಾಮ ಎಂಬ ವಿಷಯವನ್ನು ಕುರಿತು ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದು ಒಳ್ಳೆಯ ಗುಣಗಳನ್ನೂ ಪಡೆದವರು. ಆ ನಾಲ್ಕು ಪುಟಗಳ ವಿದ್ಯೆ ಒಂದು ಪ್ರಶ್ನೆಯಾಗಿ ನಮ್ಮ ಬಾಯಿಂದ ಹೊರಬರಲು ಇಪ್ಪತ್ತೆರಡು ವರ್ಷ ಬೇಕಾಯಿತು. ಅವನು ನಮ್ಮ ಮಾತನ್ನು ಸುಳ್ಳು ಮಾಡಿ ರಾತ್ರಿಶಾಲೆಯಲ್ಲಿ ಓದಿದ. ಆದರೆ ನಮ್ಮ ಮಾತು ನಿಜವಾಗಿಬಿಟ್ಟ ಮಕ್ಕಳೂ ಇರಬಹುದಲ್ಲ? ಅವರು ಯಾರು, ಈಗ ಎಲ್ಲಿದ್ದಾರೆ?

ಅಂದು ಅವನಿಗೆ ಕಟ್ಟುನಿಟ್ಟಾಗಿ ಹೇಳಿದೆವು: "ಇದು ಗುರುವಿನ ಆಜ್ಞೆ. ಸಂಜೆಯವರೆಗೆ ಮಲಗಬೇಕು." ಹಾಸಿಗೆಗೆ ಬಿದ್ದವನು ಕ್ಷಣದಲ್ಲಿ ಶವದಂತೆ ನಿದ್ರಿಸಿದ. ಕೋಣೆಯನ್ನು ಅವನಿಗೆ ಬಿಟ್ಟುಕೊಟ್ಟು, ನಾವು ತಾಯಿ ಮಗಳೊಡನೆ ಬಸ್ಸು ಹತ್ತಿ ಭಾಯಖಳಾದ ರಾಣಿಬಾಗಿಗೆ ಹೋದೆವು. ಅದರ ಈಗಿನ ಹೆಸರು ವೀರಮಾತಾ ಜೀಜಾಬಾಯಿ ಭೋಸಲೆ ಉದ್ಯಾನ. ಬುಧವಾರ ಅದಕ್ಕೆ ರಜೆ. ಅದರ ಮಗ್ಗುಲಲ್ಲೇ ಡಾ. ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯವಿದೆ. 1872ರಲ್ಲಿ ಜನರಿಗೆ ತೆರೆದ ಇದು ಮುಂಬಯಿಯ ಅತ್ಯಂತ ಹಳೆಯ ಸಂಗ್ರಹಾಲಯ. ಗಿರಣಿಗಳು, ಹಡಗುಗಳು, ನಾನಾ ಪೇಟ ರುಮಾಲುಗಳ ಜನ, ಇವರೆಲ್ಲರ ಸಣ್ಣ ಸಣ್ಣ ಮಾದರಿಗಳನ್ನು ನಮ್ಮ ಮನೆಯವರು ಕುಳಿತು ಕುಳಿತು ನೋಡಿದರು.

ಅಂಗಳದಲ್ಲಿ ಕಲ್ಲಿನ ದೊಡ್ಡದೊಂದು ಆನೆ ನಿಂತಿದೆ. "ಅಜ್ಜಾ, ಇದು ಯಾವ ಆನಿ ಗೊತ್ತದೇನು?" ಎಂದು ಹುಡುಗಿ ಪರೀಕ್ಷೆ ಮಾಡಿತು. ನಮಗೆ ಗೊತ್ತಿರಲಿಲ್ಲ. ಅದು ತನ್ನ ಶಾಲೆಯ ಸಹಲಿನಲ್ಲಿ ಕೇಳಿದ್ದನ್ನು ನಮಗೆ ಹೇಳಿತು. ಘಾರಾಪುರಿಯ ದಡದಲ್ಲಿದ್ದ ಈ ಆನೆಯನ್ನು ಕಂಡೇ ಪೋರ್ಚುಗೀಸರು ಆ ದ್ವೀಪಕ್ಕೆ ಎಲಿಫೆಂಟಾ ಎಂದು ಹೆಸರಿಟ್ಟದ್ದು. 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಲು ಎತ್ತುವಾಗ ಯಂತ್ರ ಮುರಿದು ಆನೆ ಚೂರುಚೂರಾಯಿತು. ಚೂರುಗಳನ್ನು ಈ ತೋಟಕ್ಕೆ ತಂದರು. 1914ರಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದರು. ಹಿಂದಿನ ದಿನ ದ್ವೀಪವನ್ನೆಲ್ಲ ಸುತ್ತಿದ ನಮಗೆ ಅಲ್ಲಿ ಆನೆ ಎಲ್ಲಿದೆ ಎಂದು ಕೇಳುವ ಬುದ್ಧಿಯೂ ಹೊಳೆದಿರಲಿಲ್ಲ. ಹತ್ತು ವರ್ಷದ ಮಗು ನಮಗೆ ಗುರುವಾಯಿತು.

ಆ ಮಗುವಿಗೆ ಕನ್ನಡ ಮಾತು ಬರುತ್ತದೆ, ಓದಲು ಬಾರದು. ಮುಂಬಯಿ ಮಹಾನಗರಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸುತ್ತದೆ, ಮಾಟುಂಗಾದಲ್ಲಿ 1926ರಿಂದ ಮೈಸೂರು ಅಸೋಸಿಯೇಶನ್ ಇದೆ, 1933ರಲ್ಲಿ ಹುಟ್ಟಿದ ಕರ್ನಾಟಕ ಸಂಘವಿದೆ. ಆದರೆ ಹುಡುಗಿ ಕಲಿಯುತ್ತಿರುವುದು ಮನೆಯ ಬಳಿಯ ಬೇರೆ ಮಾಧ್ಯಮದ ಶಾಲೆಯಲ್ಲಿ. ಭಾನುವಾರ ಸಂಜೆ, ಸೋಮವಾರ ಬೆಳಿಗ್ಗೆ ಪಡಸಾಲೆಯಲ್ಲಿ ಕುಳಿತು ಅವಳಿಗೆ ಸ್ವರಗಳನ್ನು ಬರೆಯಿಸಿದೆವು, ಅವಳ ಹೆಸರನ್ನೂ ಅಪ್ಪನ ಹೆಸರನ್ನೂ ಕಲಿಸಿದೆವು. ನಾಲ್ಕು ದಿನದ ಆತಿಥ್ಯಕ್ಕೆ ನಮ್ಮಿಂದಾದ ಪ್ರತ್ಯುಪಕಾರ ಅದೊಂದೇ.

ಸೋಮವಾರ ಅವನಿಗೆ ವಾರದ ರಜೆ. ಸಂಜೆ ನಡೆಯುತ್ತ ದಾದರಿನ ಸಮುದ್ರದಂಡೆಗೆ ಕರೆದೊಯ್ದ. ಅಲ್ಲಿ ಚೈತ್ಯಭೂಮಿಯಿದೆ, 1956ರ ಡಿಸೆಂಬರ್ 7ರಂದು ಡಾಕ್ಟರ್ ಬಾಬಾಸಾಹೇಬ ಅಂಬೇಡ್ಕರರ ಅಂತ್ಯಸಂಸ್ಕಾರ ನಡೆದ ಸ್ಥಳ. ಅವರು ಬಾಲ್ಯದಲ್ಲಿ ಪರೇಲಿನ ಭಾಗದ ಒಂದು ಚಾಳಿನ ಒಂದೇ ಕೋಣೆಯಲ್ಲಿ ಇಡೀ ಸಂಸಾರದೊಡನೆ ಇದ್ದರು. ತಂದೆ ರಾಮಜಿಯವರು ರಾತ್ರಿ ಎರಡು ಗಂಟೆಯವರೆಗೆ ಎಚ್ಚರವಿದ್ದು, ಆಗ ಮಗನನ್ನು ಓದಲು ಎಬ್ಬಿಸಿ ತಾವು ಮಲಗುತ್ತಿದ್ದರೆಂದು ಅವರ ಚರಿತ್ರೆಯಲ್ಲಿ ಓದುತ್ತೇವೆ. ಈ ಪ್ರಸಂಗವನ್ನು ನಾವು ಪ್ರತಿವರ್ಷ ಏಪ್ರಿಲ್ 14ರಂದು ಮಕ್ಕಳಿಗೆ ಹೇಳುತ್ತೇವೆ. ಆ ಸಂಜೆ ಅದನ್ನು ಹೇಳಲು ಬಾಯಿ ಬರಲಿಲ್ಲ. ಶಿಷ್ಯನ ಪಕ್ಕದಲ್ಲಿ ಸುಮ್ಮನೆ ಕುಳಿತು ಸಮುದ್ರವನ್ನು ನೋಡಿದೆವು. ಎದ್ದು ಹೊರಡುವಾಗ, "ತಮ್ಮಾ, ಆವತ್ತು ಹೊಡೆದದ್ದು ತಪ್ಪಾಯಿತು" ಎಂದೆವು. ಅವನು ಗಾಬರಿಯಾಗಿ, "ಹಾಂಗ ಅನಬ್ಯಾಡ್ರಿ ಗುರುಗಳ" ಎಂದು ಕೈ ಹಿಡಿದುಕೊಂಡ. ಅದೇ ರಾತ್ರಿಯ ರೈಲಿಗೆ ನಮ್ಮನ್ನು ಹತ್ತಿಸಿದ.

ಮಹಾನಗರಗಳಲ್ಲಿ ಬಂಧುಗಳ ಮನೆಗೆ ಹೋಗುವ ನಮ್ಮ ಗಡಿನಾಡಿನ ಸಂಸಾರಗಳಿಗೆ ಅನುಭವದಿಂದ ನಾಲ್ಕು ಮಾತು ಹೇಳಬೇಕೆನಿಸುತ್ತದೆ. ಹೊರಡುವ ಮೊದಲು, ಯಾವ ದಿನ ಬರಲಿ ಎಂದು ಕೇಳುವುದರ ಜೊತೆಗೆ, ನಿನ್ನ ಪಾಳಿ ಯಾವುದು, ರಜೆ ಎಷ್ಟಿದೆ ಎಂದೂ ಕೇಳಬೇಕು. ಹೋದ ಮೊದಲ ದಿನವೇ ನೀರು ಬರುವ ಹೊತ್ತನ್ನು ತಿಳಿದುಕೊಂಡು ಒಂದು ಬಕೀಟಿನಲ್ಲಿ ಸ್ನಾನ ಮುಗಿಸಬೇಕು. ದೋಣಿ, ಬಸ್ಸು, ಸಂಗ್ರಹಾಲಯಗಳ ಟಿಕೀಟಿಗೆ ನಮ್ಮ ಕೈ ಮೊದಲು ಜೇಬಿಗೆ ಹೋಗಬೇಕು. ದಾರಿ ತೋರಿಸಲು ಮನೆಯ ಯಜಮಾನನೇ ಬರಬೇಕೆಂದಿಲ್ಲ. ಒಂದು ದಿನ ನಾವೇ ಕೇಳಿಕೊಂಡು ಹೋದರೆ ನಾವು ಕಳೆದುಹೋಗುವುದಿಲ್ಲ, ಬಹಳವೆಂದರೆ ಪರೇಲಿನ ಬದಲು ದಾದರಿನಲ್ಲಿ ಇಳಿಯುತ್ತೇವೆ. ಎಲ್ಲಕ್ಕಿ��ತ ಮಿಗಿಲಾಗಿ, ಆತಿಥ್ಯ ಮಾಡುವವನು ತೂಕಡಿಸಿದರೆ ಬೇಸರಪಡುವ ಮೊದಲು ಕಾರಣ ಕೇಳಬೇಕು.

ರಜೆ ಮುಗಿದು ಶಾಲೆ ತೆರೆದ ಎರಡನೆಯ ದಿನ ಆರನೆಯ ಇಯತ್ತೆಯ ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗಿ ಪುಸ್ತಕದ ಮೇಲೆ ತಲೆಯಿಟ್ಟು ಮಲಗಿದ್ದಳು. ಪಾಠ ನಿಲ್ಲಿಸಲಿಲ್ಲ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಕರೆದು, "ರಾತ್ರಿ ಎಷ್ಟು ಹೊತ್ತಿಗೆ ಮಲಗಿದೆ ಮಗಳೆ?" ಎಂದು ಕೇಳಿದೆವು. ಬಹಳ ಹೊತ್ತು ನೆಲ ನೋಡುತ್ತ ನಿಂತು, ಆಮೇಲೆ ಮೆಲ್ಲಗೆ ಹೇಳತೊಡಗಿದಳು. ಅವಳು ಹೇಳಿದ್ದು ಇಲ್ಲಿ ಬರೆಯುವಂಥದಲ್ಲ, ಅದು ಅವಳ ಮನೆಯ ವಿಷಯ. ಅಂದು ಶಾಲೆ ಬಿಟ್ಟ ಮೇಲೆ ನಾವು ಮನೆಗೆ ಹೋಗುವ ದಾರಿಯನ್ನು ಬದಲಿಸಿ ಅವರ ಓಣಿಯ ಕಡೆಗೆ ಹೊರಟೆವು.